ನಮ್ಮ ಮನೆಯಲ್ಲಿ ನೆಗಡಿ ಅಂದರೆ

ಪ್ರೀತಿಯ ಅಕ್ಕಾ,

'ಪ್ರೀತಿಯ' ಎಂದು ಬರೆಯುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಮೊದಲು ಬರೀ 'ಅಕ್ಕಾ' ಎಂದು ಬರೆದೆ. ಜಗಳಕ್ಕೆ ಕರೆದ ಹಾಗಿತ್ತು. 'ಪೂಜ್ಯ ಅಕ್ಕನವರಿಗೆ' ಎಂದು ಬರೆದು ನೋಡಿದೆ. ನನಗೇ ನಗು ಬಂತು. ಕೊನೆಗೆ ಇದೇ ಇರಲಿ ಅಂದುಕೊಂಡೆ. ಇರುವುದನ್ನು ಇಲ್ಲ ಎನ್ನಲು ನನಗೆ ಬರುವುದಿಲ್ಲ. ಹಾಗಂತ ಕ್ಷಮೆ ಕೇಳಲು ಕೂತಿದ್ದೇನೆ ಅಂದುಕೊಳ್ಳಬೇಡ. ಈ ಹದಿನೈದು ತಿಂಗಳಲ್ಲಿ ಏನೇನಾಯಿತು ಎಂದು ನಿನಗೆ ಒಂದು ಸಲ ಪೂರ್ತಿಯಾಗಿ ಹೇಳಬೇಕು, ಅಷ್ಟೇ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಬೇರೆಯವರು ಮಾತಾಡುವಾಗ ಸುಮ್ಮನಿರುವುದು ಕಷ್ಟ. ಕಾಗದವಾದರೆ ನನ್ನ ಪಾಡಿಗೆ ನಾನು ಹೇಳಬಹುದು. ಕೆಂಪು ಪೆನ್ನು ಮಾತ್ರ ಹಿಡಿಯಬೇಡ. ಕಾಗುಣಿತ ತಪ್ಪಿದ್ದರೆ ಇರಲಿ ಬಿಡು.

ನಾನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ, ಬೆಳಗಿನ ಅರ್ಧ ದಿನ ಮಾತ್ರ. ಅದೇ ಹೊಲಿಗೆ ಕಾರ್ಖಾನೆ, ಅದೇ ಬಟ್ಟೆ ಕತ್ತರಿಸುವ ಮೇಜು. ಮುಂದೆ ಶಾಲೆಯ ಅಂಗಿಗಳ ನೂರಿಪ್ಪತ್ತು ಜೊತೆ ತೋಳು ಕತ್ತರಿಸಿ ಬಿದ್ದಿವೆ. ಟೀ ಬಿಡುವಿನಲ್ಲಿ, ಅಳತೆ ಹಾಕುವ ಕಂದು ಕಾಗದದ ಮೇಲೆ ಬರೆಯುತ್ತಿದ್ದೇನೆ. ದಿನಕ್ಕೆ ಒಂದಿಷ್ಟು, ತುಂಡು ತುಂಡಾಗಿ. ಅಲ್ಲಲ್ಲಿ ಹೊಂದಿಕೆ ತಪ್ಪಿದರೆ ನೀನೇ ಕೂಡಿಸಿಕೊಂಡು ಓದು.

ನೀನು ಎದ್ದು ಹೋದಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಮಗಳು ಹುಟ್ಟಿ ಹನ್ನೊಂದನೇ ದಿನ. ಮೂರು ತಿಂಗಳು ಮೊದಲೇ ಹುಟ್ಟಿದವಳು, ತೂಕ ಒಂಬೈನೂರು ಗ್ರಾಂ. ಗಾಜಿನ ಪೆಟ್ಟಿಗೆಯೊಳಗೆ, ಬಾಯಿಗೊಂದು ನಳಿಗೆ, ಹೊಕ್ಕುಳಿಗೊಂದು ನಳಿಗೆ, ಎದೆಯ ತುಂಬ ತಂತಿ. ನಾನು ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಸಣ್ಣ ಬಾಟಲಿಗೆ ಹಾಲು ಹಿಂಡಿಡುತ್ತಿದ್ದೆ. ಆ ಹಾಲಿನಲ್ಲಿ ಅವಳಿಗೆ ಹೋಗುತ್ತಿದ್ದದ್ದು ಗಂಟೆಗೆ ಒಂದು ಚಮಚಕ್ಕೂ ಕಡಿಮೆ. ಅವತ್ತು ಬೆಳಿಗ್ಗೆ ಡಾಕ್ಟರು ಮಿದುಳಿನಲ್ಲಿ ಸ್ವಲ್ಪ ರಕ್ತ ಕಾಣಿಸುತ್ತಿದೆ ಅಂದಿದ್ದರು. ನೀನು ಫ್ಲಾಸ್ಕಿನಲ್ಲಿ ಕಾಫಿ ತಂದೆ, ನನ್ನ ತಲೆ ಬಾಚಿದೆ, ಪಕ್ಕದಲ್ಲಿ ಕೂತೆ. ಆಮೇಲೆ ನನ್ನ ಕೈ ಹಿಡಿದುಕೊಂಡು ಅಂದೆ: "ಸಾಕು ಕಣೇ. ಆ ಕೂಸಿಗೆ ಇಷ್ಟು ಹಿಂಸೆ ಕೊಡಬೇಡ. ಹೋಗೋದಾದ್ರೆ ಹೋಗ್ಲಿ ಬಿಡು. ನಿನಗಿನ್ನೂ ವಯಸ್ಸಿದೆ."

ನಾನು ಅಂದದ್ದು ಎರಡೇ ಮಾತು. "ನೀನು ಹೋಗು."

ನೀನು ಹೋದೆ. ಚೀಲ ಎತ್ತಿಕೊಂಡೆ, ಸೆರಗು ಸರಿ ಮಾಡಿಕೊಂಡೆ, ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದೆ. ಅಮ್ಮ ಸತ್ತಾಗ ನನಗೆ ಆರು ವರ್ಷ, ನಿನಗೆ ಹದಿನೇಳು. ಅವತ್ತಿನಿಂದ ನೀನು ಹೇಳಿದ್ದಕ್ಕೆಲ್ಲ ತಲೆಯಾಡಿಸಿಕೊಂಡೇ ಬೆಳೆದವಳು ನಾನು. ಯಾವ ಶಾಲೆ, ಯಾವ ಬಟ್ಟೆ, ಯಾವ ಗಂಡು, ಎಲ್ಲ ನೀನು ಹೇಳಿದ್ದೇ. ಬದುಕಿನಲ್ಲಿ ಮೊದಲ ಸಲ ನಿನ್ನ ಮಾತಿಗೆ ಆಗುವುದಿಲ್ಲ ಅಂದೆ. ನಿನಗೆ ಅದನ್ನು ಹೇಗೆ ತೆಗೆದುಕೊಳ್ಳಬೇಕೋ ಗೊತ್ತಾಗಲಿಲ್ಲ. ನನಗೂ ಇನ್ನೊಂದು ಸಲ ಮೃದುವಾಗಿ ಹೇಳಲು ಬರಲಿಲ್ಲ.

ಅವಳಿಗೆ ಇಟ್ಟ ಹೆಸರು ಆಸ್ಪತ್ರೆಯ ಕಾಗದಗಳಲ್ಲಿದೆ. ಮನೆಯಲ್ಲಿ ಅವಳು ಚಿಟಿಕೆ. ಮೊದಲ ದಿನ ಅವಳನ್ನು ನೋಡಿ ಹೊರಗೆ ಬಂದ ನನ್ನ ಗಂಡ, ಮಗು ಹೇಗಿದೆ ಎಂದು ನಾನು ಕೇಳಿದಾಗ ಹೆಬ್ಬೆರಳು ತೋರುಬೆರಳು ಸೇರಿಸಿ ತೋರಿಸಿ, "ಇಷ್ಟೇ ಇಷ್ಟು ಕಣೆ, ಒಂದು ಚಿಟಿಕೆ" ಅಂದರು. ಹಾಗೆ ಅನ್ನುತ್ತ ಅಳು ಬಂತು ಅವರಿಗೆ. ಅಷ್ಟು ದೊಡ್ಡ ಬಸ್ಸು ಓಡಿಸುವ ಕೈಯಿಂದಲೇ ಕಣ್ಣೊರೆಸಿಕೊಂಡರು. ಹೆಸರು ಅಲ್ಲಿಗೇ ನಿಂತಿತು.

ಚಿಟಿಕೆ ಆ ಪೆಟ್ಟಿಗೆಯಲ್ಲಿ ತೊಂಬತ್ತಾರು ದಿನ ಇದ್ದಳು. ಮಿದುಳಿನ ರಕ್ತ ತಾನಾಗಿಯೇ ಕರಗಿತು. ಶ್ವಾಸಕೋಶ ಮಾತ್ರ ಕೈಕೊಟ್ಟಿತು. ಹುಟ್ಟಿದಾಗ ಉಸಿರು ಕೊಟ್ಟು ಬದುಕಿಸಿದ ಯಂತ್ರವೇ ಅದನ್ನು ಗಾಯ ಮಾಡಿತ್ತಂತೆ. ಅವಳು ಬೆಳೆದಂತೆ ಶ್ವಾಸಕೋಶದಲ್ಲಿ ಹೊಸ ಜಾಗ ಹುಟ್ಟುತ್ತದೆ, ಅಲ್ಲಿಯವರೆಗೆ ಮೂಗಿಗೆ ಆಮ್ಲಜನಕ ಬೇಕು ಅಂದರು. ಹಾಲು ನುಂಗಲು ಹೋದರೆ ಉಸಿರಿಗೆ ತೊಡರುತ್ತಿತ್ತು. ಆದ್ದರಿಂದ ಮೂಗಿನಿಂದ ಹೊಟ್ಟೆಗೆ ಇನ್ನೊಂದು ನಳಿಗೆ. ಹೀಗೆ ಎರಡು ನಳಿಗೆ, ಎರಡು ಕೆನ್ನೆಗೂ ಟೇಪು, ಕಾಲಿಗೆ ರಕ್ತದ ಆಮ್ಲಜನಕ ಅಳೆಯುವ ಕೆಂಪು ದೀಪದ ಪಟ್ಟಿ. ಈ ಸರಂಜಾಮಿನೊಂದಿಗೆ ಅವಳನ್ನು ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು.

ನನಗೆ ಎಲ್ಲ ಕಲಿಸಿದವರು ವಾರ್ಡಿನ ದೊಡ್ಡ ಸಿಸ್ಟರ್. ಎತ್ತರದಲ್ಲೂ ದೊಡ್ಡವರು, ದನಿಯಲ್ಲೂ ದೊಡ್ಡವರು. "ನಾಳೆಯಿಂದ ನೀನೇ ನರ್ಸು, ನೀನೇ ಡಾಕ್ಟ್ರು. ಅಳೋದಿದ್ರೆ ಇವತ್ತೇ ಅತ್ತು ಮುಗಿಸಮ್ಮ" ಅಂದರು. ಹೊಟ್ಟೆಯ ನಳಿಗೆ ಹಾಕುವುದಕ್ಕೆ ಮೊದಲು ಅಳತೆ ತೆಗೆಯಬೇಕು: ಮೂಗಿನ ತುದಿಯಿಂದ ಕಿವಿಯ ಹಾಲೆ, ಅಲ್ಲಿಂದ ಎದೆಗೂಡಿನ ಕೆಳಗೆ ಹೊಟ್ಟೆಯವರೆಗೆ. ಅವರು ಒಂದು ಸಲ ತೋರಿಸಿದರು. ನಾನು ನನ್ನ ಚೀಲದಿಂದ ಅಂಗಿ ಅಳೆಯುವ ಟೇಪು ತೆಗೆದು ಅಳೆದೆ. ಒಂದು ನೂಲೂ ತಪ್ಪಿರಲಿಲ್ಲ. "ಓಹೋ, ಇವಳು ಕೆಲಸ ಗೊತ್ತಿರೋಳು!" ಅಂದರು ಸಿಸ್ಟರ್. ಅಕ್ಕಾ, ಮೂರು ತಿಂಗಳಿಂದ ಎಲ್ಲರೂ ನನ್ನನ್ನು ಪಾಪದವಳ ಹಾಗೆ ನೋಡಿದ್ದರು. ಅವತ್ತೊಬ್ಬರು ಕೆಲಸ ಗೊತ್ತಿರುವವಳು ಅಂದರು. ಬೆನ್ನು ನೆಟ್ಟಗಾಯಿತು. ಅದು ಈಗಲೂ ಬಾಗಿಲ್ಲ.

ಈಗ ನಮ್ಮ ಮನೆ ಹೇಗಿದೆ ಹೇಳುತ್ತೇನೆ. ನೀನು ನೋಡಿದ ಮನೆಯಲ್ಲ. ನಡುಮನೆಯ ಮೂಲೆಯಲ್ಲಿ ಗಾಳಿಯಿಂದ ಆಮ್ಲಜನಕ ಹೀರುವ ಯಂತ್ರ ದಿನವಿಡೀ ಗುಂಯ್‌ಗುಡುತ್ತದೆ. ಬಂದವರು ಏನದು ಸದ್ದು ಅನ್ನುತ್ತಾರೆ. ನಮಗೆ ಅದು ನಿಂತರೆ ಮಾತ್ರ ಕೇಳಿಸುತ್ತದೆ. ಕರೆಂಟು ಹೋದರೆ ಎಂದು ಬಾಗಿಲ ಹಿಂದೆ ಸಿಲಿಂಡರು. ಯಂತ್ರದಿಂದ ಮಗುವಿನ ಮೂಗಿನವರೆಗೆ ಏಳು ಮೀಟರ್ ಕೊಳವೆ. ಏಳು ಮೀಟರ್ ಅಂದರೆ ಅಡುಗೆಮನೆಯ ಒಲೆಯವರೆಗೆ ಬರಬಹುದು, ಬಚ್ಚಲಿಗೆ ಬರುವುದಿಲ್ಲ, ಕಿಟಕಿಯವರೆಗೆ ಬಂದು ಬೀದಿ ನೋಡಬಹುದು. ಅವಳ ಲೋಕದ ನಕ್ಷೆ ಅಷ್ಟು. ನಾನೂ ಅವರೂ ಆ ಕೊಳವೆಯನ್ನು ದಾಟಿ ದಾಟಿ ಈಗ ರಸ್ತೆಯಲ್ಲೂ ಕಾಲೆತ್ತಿ ಹಾಕಿ ನಡೆಯುತ್ತೇವೆ.

ದಿನಕ್ಕೆ ಎಂಟು ಸಲ ಹಾಲು. ಸಿರಿಂಜಿಗೆ ಹಾಲು ಹೊಯ್ದು ತಲೆಗಿಂತ ಮೇಲೆ ಎತ್ತಿ ಹಿಡಿಯಬೇಕು. ತಾನಾಗಿ ಇಳಿಯಬೇಕು, ಒತ್ತುವ ಹಾಗಿಲ್ಲ. ಒಂದೊಂದಕ್ಕೂ ಇಪ್ಪತ್ತು ನಿಮಿಷ. ಅವರು ಸಿರಿಂಜ್ ಎತ್ತಿ ಹಿಡಿದು ನಿಂತು, "ಬಸ್ಸಿನಲ್ಲಿ ಸೀಟು ಸಿಗದೆ ಕಂಬಿ ಹಿಡಿದು ನಿಂತವರ ಪಾಡು ಈಗ ಗೊತ್ತಾಯ್ತು ನೋಡು" ಅನ್ನುತ್ತಾರೆ. ಆ ಮನುಷ್ಯ ಹದಿನಾಲ್ಕು ವರ್ಷ ಸ್ಟಿಯರಿಂಗ್ ಹಿಡಿದವರು. ದಿನಕ್ಕೆ ಸಾವಿರ ಜನ ಹತ್ತಿ ಇಳಿಯುವ ಬಸ್ಸು, ಸಾವಿರ ಜನರ ಕೆಮ್ಮು. ಮಗು ಮನೆಗೆ ಬಂದ ವಾರವೇ ಹೋಗಿ ಡಿಪೋ ಒಳಗಿನ ಕೆಲಸ ಕೇಳಿಕೊಂಡರು. ಈಗ ಮಧ್ಯಾಹ್ನದಿಂದ ಸಂಜೆಯವರೆಗೆ ಬಂದ ಬಸ್ಸುಗಳ ಬ್ರೇಕು, ಟಯರು ನೋಡುತ್ತಾರೆ. ಖಾಲಿ ಬಸ್ಸನ್ನು ತೊಳೆಯುವ ಜಾಗದಿಂದ ನಿಲ್ಲಿಸುವ ಜಾಗಕ್ಕೆ ಓಡಿಸುವುದು, ಅಷ್ಟೇ ಅವರ ಡ್ರೈವಿಂಗು. ಬೇಜಾರಾಗುತ್ತದಾ ಎಂದು ಒಂದು ಸಲ ಕೇಳಿದೆ. "ಆಗುತ್ತೆ" ಅಂದರು. ಸುಳ್ಳು ಹೇಳಲಿಲ್ಲ. ಅದಕ್ಕೇ ಅವರನ್ನು ಕಂಡರೆ ನನಗೆ ಇಷ್ಟ. ಮನೆಗೆ ಬಂದ ಕೂಡಲೇ ಸೀದಾ ಬಚ್ಚಲು, ಸ್ನಾನ, ಬೇರೆ ಬಟ್ಟೆ, ಆಮೇಲೆ ಮಗಳು.

ಇಷ್ಟೆಲ್ಲ ಯಾಕೆ ಅನ್ನಬೇಡ. ನಿಮ್ಮ ಮನೆಗಳಲ್ಲಿ ನೆಗಡಿ ಅಂದರೆ ಎರಡು ದಿನ ಮೂಗು ಸೋರುವುದು. ನಮ್ಮ ಮನೆಯಲ್ಲಿ ನೆಗಡಿ ಅಂದರೆ ಬಟ್ಟೆ ತುಂಬಿ ಸಿದ್ಧವಾಗಿಟ್ಟ ಆಸ್ಪತ್ರೆಯ ಚೀಲ. ಒಬ್ಬರು ಸೀನಿದರೆ ನಾನು ಬಾಗಿಲಲ್ಲೇ ತಡೆಯುತ್ತೇನೆ. ನನಗೆ ಸೊಕ್ಕು ಅಂತ ಬೀದಿಯಲ್ಲಿ ಹೆಸರು ಬಂದಿದೆ. ಬರಲಿ. ನನ್ನ ಗಂಡನ ಚಿಕ್ಕಮ್ಮ ಬಂದವರು ಕೈ ತೊಳೆಯಲು ಹೇಳಿದ್ದಕ್ಕೆ, "ನಾವೇನು ಮಕ್ಕಳನ್ನ ಸಾಕೇ ಇಲ್ವಾ?" ಅಂದರು. "ಸಾಕಿದ್ದೀರಿ ಚಿಕ್ಕಮ್ಮ, ಸೋಪು ಅಲ್ಲಿದೆ" ಅಂದೆ. ತೊಳೆದುಕೊಂಡರು.

ಹಾಗಂತ ಅವಳನ್ನು ಬಚ್ಚಿಟ್ಟಿಲ್ಲ. ಬಿಸಿಲಿದ್ದ ದಿನ ಸಣ್ಣ ಸಿಲಿಂಡರನ್ನು ತಳ್ಳುಗಾಡಿಯ ಕೆಳಗೆ ಕಟ್ಟಿ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ. ಜನ ನೋಡುತ್ತಾರೆ. ಕೆಲವರು ಬಗ್ಗಿ ನೋಡುತ್ತಾರೆ. ಒಬ್ಬ ಹೆಂಗಸು ಮೂಗಿನ ನಳಿಗೆ ಕಂಡು, "ಅಯ್ಯೋ, ಪಾಪ" ಅಂದಳು. "ಪಾಪ ಅಲ್ಲಮ್ಮ, ಪಾಪು" ಅಂದೆ. ಆಕೆಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ನಕ್ಕುಬಿಟ್ಟಳು. ಈಗ ಅವಳು ಪಾರ್ಕಿನಲ್ಲಿ ನಮಗಾಗಿ ನೆರಳಿನ ಬೆಂಚು ಹಿಡಿದಿಡುತ್ತಾಳೆ.

ಇಷ್ಟೆಲ್ಲ ಕಾವಲಿದ್ದೂ ನೆಗಡಿ ಒಳಗೆ ಬಂತು. ತಂದವಳು ನಾನೇ.

ಚಿಟಿಕೆಗೆ ಆಗ ಹತ್ತು ತಿಂಗಳು. ಕಾರ್ಖಾನೆಯಲ್ಲಿ ಯಾರಿಂದ ತಗುಲಿತೋ ಗೊತ್ತಿಲ್ಲ. ನನಗೆ ಗಂಟಲು ಕೆರೆಯಿತು, ಮೂಗಿಗೆ ಬಟ್ಟೆ ಕಟ್ಟಿಕೊಂಡೆ, ದೂರ ಇದ್ದೆ. ಮೂರನೇ ದಿನ ಅವಳ ಮೂಗು ಸೋರಿತು. ಆ ಹೊತ್ತಿಗೆ ಎಲ್ಲರೂ ಹೇಳುವ ಮಾತು ನನಗೆ ಬಾಯಿಪಾಠ: ಕೆಲಸಕ್ಕೆ ಹೋಗದಿದ್ದರೆ ಹೀಗಾಗುತ್ತಿತ್ತಾ? ನೀನೂ ಅದನ್ನೇ ಅನ್ನುತ್ತಿದ್ದೆ, ಅಲ್ಲವಾ? ನಾನು ಮನುಷ್ಯಳು ಅಕ್ಕಾ, ಉಸಿರಾಡುತ್ತೇನೆ, ಉಸಿರಾಡುವವರಿಗೆ ನೆಗಡಿ ಆಗುತ್ತದೆ. ಅದಕ್ಕೆ ತಲೆ ತಗ್ಗಿಸುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ತಲೆ ತಗ್ಗಿಸಿದರೆ ಅವಳ ಎದೆ ಏರಿಳಿಯುವುದನ್ನು ನೋಡುವವರು ಯಾರು?

ಎಂದಿನಂತೆ ಇದ್ದರೆ ಕಾಲಿನ ಪಟ್ಟಿಯ ಯಂತ್ರದಲ್ಲಿ ತೊಂಬತ್ತೈದು ತೋರಿಸುತ್ತದೆ. ಅವತ್ತು ಬೆಳಿಗ್ಗೆ ತೊಂಬತ್ತೊಂದು. ಆಮ್ಲಜನಕ ಅರ್ಧ ಲೀಟರಿನಿಂದ ಒಂದಕ್ಕೆ ಏರಿಸಿದೆ. ಹತ್ತು ಗಂಟೆಗೆ ಎಂಬತ್ತೆಂಟು. ಅವರು ಅವಳನ್ನು ಎತ್ತಿಕೊಂಡರು, ನಾನು ಸಿಲಿಂಡರು ಎತ್ತಿಕೊಂಡೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎರಡು ಲೀಟರು ಹೋಗುತ್ತಿತ್ತು, ತೊಂಬತ್ತಮೂರು ತೋರಿಸುತ್ತಿತ್ತು.

ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು, ಹೊಸಬರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿಸಿಕೊಂಡರು. "ಮಾಮೂಲಿ ನೆಗಡಿ. ನಂಬರ್ ಚೆನ್ನಾಗಿದೆ, ಎದೆಯಲ್ಲಿ ಶಬ್ದವೂ ಏನಿಲ್ಲ. ಇಂಥ ಮಕ್ಕಳಿಗೆ ಏರುಪೇರು ಇದ್ದಿದ್ದೇ. ಮನೆಗೆ ಕರ್ಕೊಂಡು ಹೋಗಿ" ಅಂದರು.

"ಡಾಕ್ಟ್ರೇ, ಈ ಮಗು ಎದೆಯಲ್ಲಿ ಯಾವಾಗ್ಲೂ ಶಬ್ದ ಇರುತ್ತೆ" ಅಂದೆ ನಾನು. "ಚೆನ್ನಾಗಿದ್ದಾಗಲೂ ಇರುತ್ತೆ. ಇವತ್ತು ಬೆಳಿಗ್ಗೆವರೆಗೂ ಇತ್ತು. ಈಗ ಇಲ್ಲ. ಅದಕ್ಕೇ ನನಗೆ ಭಯ. ಇವಳು ಸುಸ್ತಾಗಿ ಉಸಿರೆಳೆಯೋದನ್ನೇ ಕಡಿಮೆ ಮಾಡಿದ್ದಾಳೆ."

"ಗಾಬರಿ ಮಾಡ್ಕೋಬೇಡಿ ಅಮ್ಮ."

"ನಾನು ಗಾಬರಿಯಾಗಿಲ್ಲ. ನಾನು ನೋಡಿದ್ದನ್ನ ಹೇಳ್ತಿದೀನಿ."

ಮುಂದಿನ ಮಗುವನ್ನು ಕರೆಯಲು ಅವರು ಬಾಗಿಲ ಕಡೆ ನೋಡಿದರು. ನಾನು ಏಳಲಿಲ್ಲ. ಅಕ್ಕಾ, ಕ್ಲಾಸಿನಲ್ಲಿ ಯಾರಾದರೂ ಗಟ್ಟಿ ದನಿಯಲ್ಲಿ ಮಾತಾಡಿಸಿದರೆ ಅಳುತ್ತಿದ್ದ ನಿನ್ನ ತಂಗಿ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಆ ಕುರ್ಚಿಯಲ್ಲಿ ಬೇರು ಬಿಟ್ಟು ಕೂತಳು. "ದೊಡ್ಡ ಡಾಕ್ಟ್ರು ನೋಡೋವರೆಗೂ ನಾನು ಇಲ್ಲಿಂದ ಎದ್ದೇಳಲ್ಲ" ಅಂದೆ. ಹೊರಗೆ ಸಾಲಿನಲ್ಲಿದ್ದವರು ಗೊಣಗಿದರು. ಕಾವಲುಗಾರ ಬಂದ. ಡಿಪೋಗೆ ಹೊರಡಲೆಂದು ಆಗಲೇ ಖಾಕಿ ಹಾಕಿಕೊಂಡಿದ್ದ ನನ್ನ ಗಂಡ ಬಾಗಿಲಿಗೆ ಅಡ್ಡವಾಗಿ ನಿಂತು, "ಬ್ರೇಕ್ ಹಾಕಿ ಆಗಿದೆ ಅಣ್ಣ. ಈ ಗಾಡಿ ಇನ್ನು ಕದಲಲ್ಲ" ಅಂದರು. ಜೋರು ಮಾಡಲಿಲ್ಲ, ಕೈ ಎತ್ತಲಿಲ್ಲ. ನಿಂತರು, ಅಷ್ಟೇ.

ದೊಡ್ಡ ಡಾಕ್ಟರು ಬರಲು ಇಪ್ಪತ್ತು ನಿಮಿಷ. ನರೆತ ಕೂದಲಿನ, ಸಣ್ಣ ದನಿಯ ಹೆಂಗಸು. ಮೊದಲು ನನ್ನ ಕೈಯಲ್ಲಿದ್ದ ಪುಸ್ತಕ ಕೇಳಿ ತೆಗೆದುಕೊಂಡರು. ಮನೆಗೆ ಬಂದ ದಿನದಿಂದ ನಾನು ಗಂಟೆ ಗಂಟೆಗೆ ಬರೆದಿಟ್ಟ ಪುಸ್ತಕ: ಎಷ್ಟು ಹಾಲು, ಎಷ್ಟು ಉಸಿರು, ಯಾವ ಬಣ್ಣ. ಮೂರು ಹಾಳೆ ಹಿಂದೆ ಮುಂದೆ ತಿರುವಿದರು. ಆಮೇಲೆ ಚಿಟಿಕೆಯ ಅಂಗಿ ಎತ್ತಿ ಸುಮ್ಮನೆ ಒಂದು ನಿಮಿಷ ಅವಳ ಹೊಟ್ಟೆ ನೋಡಿದರು. ಪಕ್ಕೆಲುಬುಗಳ ಕೆಳಗೆ ಗುಳಿ ಬೀಳುತ್ತಿತ್ತು. "ಮೇಲೆ ಬೆಡ್ ರೆಡಿ ಮಾಡಿ. ಈಗಲೇ" ಅಂದರು. ನನ್ನ ಕಡೆ ತಿರುಗಿ, "ಕೂತಿದ್ದು ಒಳ್ಳೇದಾಯ್ತು" ಅಂದರು.

ಲಿಫ್ಟಿನಲ್ಲಿ ಅವಳ ತುಟಿ ನೀಲಿಗಟ್ಟಿತು.

ಒಂಬತ್ತು ದಿನ. ಮೊದಲ ನಾಲ್ಕು ದಿನ ಮುಖದ ತುಂಬ ಬಿಗಿಯುವ ಮುಖವಾಡ, ಉಸಿರನ್ನು ಒತ್ತಿ ಒಳಗೆ ಕಳಿಸುವ ಯಂತ್ರ. ಮೂರನೇ ದಿನ ಮಧ್ಯಾಹ್ನ ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಒಂದು ಸಣ್ಣ ಕೋಣೆಗೆ ಕರೆದರು. ಎರಡು ಕುರ್ಚಿ, ಒಂದು ಕಾಗದದ ಕರವಸ್ತ್ರದ ಡಬ್ಬ. ಆ ಡಬ್ಬ ನೋಡಿದ ಕೂಡಲೇ ವಿಷಯ ಗೊತ್ತಾಯಿತು. ಅವರು ಬಳಸಿ ಬಳಸಿ ಮಾತಾಡಲಿಲ್ಲ. "ಇವತ್ತು ಸಂಜೆಯೊಳಗೆ ಸುಧಾರಿಸದಿದ್ರೆ ಗಂಟಲಿಗೆ ನಳಿಗೆ ಹಾಕಬೇಕಾಗುತ್ತೆ. ಹಾಕಿದ್ರೆ ತೆಗೆಯೋಕೆ ಆಗದೇ ಹೋಗಬಹುದು. ಎಷ್ಟು ದೂರ ಹೋಗಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆ?" ಅಂದರು.

ಅಕ್ಕಾ, ಅವತ್ತು ನೀನು ನೆನಪಾದೆ. ಆ ಡಾಕ್ಟರು ಕೇಳಿದ್ದಕ್ಕೂ ನೀನು ಹೇಳಿದ್ದಕ್ಕೂ ಏನು ವ್ಯತ್ಯಾಸ ಎಂದು ಒಂದು ಗಳಿಗೆ ಯೋಚಿಸಿದೆ. ಅವರು ಕೇಳಿದರು. ನೀನು ತೀರ್ಪು ಹೇಳಿದೆ. ವ್ಯತ್ಯಾಸ ಅಷ್ಟೇ. ಆದರೆ ಅದು ಸಣ್ಣದಲ್ಲ.

ನಾನು ಅಂದೆ: "ಅವಳು ಎಷ್ಟು ದೂರ ನಡೀತಾಳೋ ಅಷ್ಟು ದೂರ, ಡಾಕ್ಟ್ರೇ. ಅವಳು ನಿಂತ್ರೆ ನಾನೂ ನಿಲ್ತೀನಿ. ಅವಳಿಗಿಂತ ಮೊದ್ಲು ನಾನು ನಿಲ್ಲಲ್ಲ."

ಅವರು, ನನ್ನ ಗಂಡ, ಆ ಮೂರು ದಿನದಲ್ಲಿ ಹತ್ತು ಮಾತು ಆಡಿರಲಿಲ್ಲ. ಆಗ ಕೇಳಿದರು: "ಅವಳಿಗೆ ನೋವಾಗದ ಹಾಗೆ ನೋಡ್ಕೋತೀರಾ?" ಡಾಕ್ಟರು ಹೂಂ ಅಂದರು. "ಹಾಗಾದ್ರೆ ನಾನೂ ಇವಳ ಜೊತೆ" ಅಂದರು.

ಸಂಜೆ ಐದಕ್ಕೆ ಅವಳ ಎದೆಯಲ್ಲಿ ಮತ್ತೆ ಶಬ್ದ ಶುರುವಾಯಿತು. ಹಳೆಯ ಬಾಗಿಲಿನ ಹಾಗೆ ಕಿರ್ ಕಿರ್ ಅನ್ನುವ ಅದೇ ಗಲೀಜು ಶಬ್ದ. ನಾನು ಮಂಚಕ್ಕೆ ತಲೆ ಕೊಟ್ಟು ಕೇಳಿಸಿಕೊಂಡು ಕೂತೆ. ಗಂಟಲಿಗೆ ನಳಿಗೆ ಹಾಕುವ ಪ್ರಮೇಯ ಬರಲಿಲ್ಲ. ಐದನೇ ದಿನ ಆ ಚಿಕ್ಕ ಡಾಕ್ಟರು ಬಂದು ಮಂಚದ ಪಕ್ಕ ನಿಂತರು. ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿಸಿಕೊಂಡರು. ಆಮೇಲೆ, "ಶಬ್ದ ಇಲ್ಲದೇ ಇರೋದನ್ನೂ ಕೇಳಿಸಿಕೊಳ್ಳಬೇಕು ಅಂತ ನನಗೆ ಹೊಳೀಲಿಲ್ಲ ಅಮ್ಮ" ಅಂದರು. ಬೈಯಬೇಕೆಂದು ಎರಡು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. "ಇನ್ನು ಮೇಲೆ ಅಮ್ಮಂದಿರು ಹೇಳಿದ್ರೆ ಕೇಳಿ" ಅಂದೆ, ಬಿಟ್ಟೆ.

ಇನ್ನು ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ. ಗಂಡನಿಗೂ ಹೇಳಿಲ್ಲ.

ಮನೆಗೆ ಬಂದ ಎರಡನೇ ವಾರ. ಚಿಟಿಕೆ ತೂಕ ಕಳೆದುಕೊಂಡಿದ್ದಳು, ಇಷ್ಟು ದಿನ ಕಲಿತದ್ದೆಲ್ಲ ಮರೆತಿದ್ದಳು. ಒಂದು ಮಧ್ಯಾಹ್ನ ಅವರು ಡಿಪೋಗೆ ಹೋಗಿದ್ದರು, ನಾವಿಬ್ಬರೇ. ಹೊಟ್ಟೆಯ ನಳಿಗೆ ಕಿತ್ತು ಹಾಕಿದಳು. ಹಾಕಿದೆ. ಮತ್ತೆ ಕಿತ್ತಳು. ಹಾಕಿದೆ. ಹಾಲೆಲ್ಲ ವಾಂತಿ ಮಾಡಿ ಮೂರನೇ ಸಲ ಕಿತ್ತಳು. ಅವಳ ಬಟ್ಟೆ, ನನ್ನ ಬಟ್ಟೆ, ಹಾಸಿಗೆ, ನೆಲ ಎಲ್ಲ ಹಾಲು. ಕೆನ್ನೆಯ ಟೇಪು ಎಳೆದಾಗ ಚರ್ಮ ಸುಲಿದಿತ್ತು. ನಾನು ಹೊಸ ನಳಿಗೆ ಹಿಡಿದು ಅವಳ ಮುಂದೆ ಕೂತೆ. ನನ್ನ ಬಾಯಿಂದ ಬಂದ ಮಾತು ಏನು ಗೊತ್ತಾ? "ಸಾಕು ಕಣೇ. ಹೋಗೋದಾದ್ರೆ ಹೋಗು."

ನಿನ್ನದೇ ಮಾತು. ಹೆಚ್ಚುಕಡಿಮೆ ಅಕ್ಷರ ಅಕ್ಷರ ಅದೇ. ದನಿ ಕೂಡ ನಿನ್ನದೇ ಕೇಳಿಸಿತು.

ಅವಳು ಬಿಕ್ಕಳಿಸುತ್ತ ನನ್ನನ್ನೇ ನೋಡಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಕೈ ತೊಳೆದೆ, ಮೊಣಕೈವರೆಗೆ, ಸಿಸ್ಟರ್ ಕಲಿಸಿದ ಹಾಗೆ. ಮುಖ ತೊಳೆದೆ. ವಾಪಸ್ ಬಂದು ಅಳತೆ ತೆಗೆದೆ, ಮೂಗಿನ ತುದಿ, ಕಿವಿ, ಎದೆಯ ಕೆಳಗೆ. ನಾಲ್ಕನೇ ಸಲ ನಳಿಗೆ ಹಾಕಿದೆ. ಸಿರಿಂಜಿನಿಂದ ಸ್ವಲ್ಪ ಹಿಂದಕ್ಕೆಳೆದು, ಹೊಟ್ಟೆಯ ಹುಳಿ ತಗುಲಿದರೆ ಬಣ್ಣ ಬದಲಿಸುವ ಕಾಗದಕ್ಕೆ ಹಚ್ಚಿ ನೋಡಿದೆ. ಸರಿಯಾದ ಜಾಗದಲ್ಲಿತ್ತು. ಹಾಲು ಹೊಯ್ದೆ, ಕೈ ಎತ್ತಿ ಹಿಡಿದೆ.

ಆ ಮಾತಿಗೆ ನಾನು ನಾಚಿಕೊಳ್ಳುವುದಿಲ್ಲ. ಅಷ್ಟು ದಣಿದವರ ಬಾಯಿಂದ ಅಂಥ ಮಾತು ಬರುತ್ತದೆ. ಅವತ್ತು ನನಗೆ ಎರಡು ವಿಷಯ ತಿಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ನೀನು ಕ್ರೂರಿಯಾಗಿರಲಿಲ್ಲ, ನನ್ನನ್ನು ನೋಡಿ ನೋಡಿ ದಣಿದಿದ್ದೆ. ಇದು ಒಂದು. ಇನ್ನೊಂದು, ನಾನೂ ಅದೇ ಮಾತು ಆಡಿದೆ, ಆದರೆ ಆಡಿ ನಳಿಗೆ ಹಾಕಿದೆ. ನೀನು ಆಡಿ ಮೆಟ್ಟಿಲಿಳಿದೆ. ಮಾತಿಗೆ ನನಗೀಗ ಸಿಟ್ಟಿಲ್ಲ. ಮೆಟ್ಟಿಲಿಗೆ ಇದೆ. ನಾನು ಹೋಗು ಅಂದೆ, ನಿಜ. ನೀನು ಹಿರಿಯಳು, ಹೋಗಬಾರದಿತ್ತು. ಒಂದು ಮಹಡಿ ಇಳಿದು ಮತ್ತೆ ಹತ್ತಿ ಬರಬಹುದಿತ್ತು. ಒಂದು ಗಂಟೆ ಆ ಮೆಟ್ಟಿಲ ಬಾಗಿಲನ್ನೇ ನೋಡುತ್ತಿದ್ದೆ ನಾನು.

ಹೋದ ವಾರ ನಿನ್ನ ಕಾಗದ ಬಂತು. ಮೂರೇ ಸಾಲು. 'ಮಗು ಹೇಗಿದೆ? ಒಂದು ಸಲ ನೋಡಬೇಕು ಅನ್ನಿಸುತ್ತದೆ. ಬರಲಾ?' ನಿನ್ನ ದುಂಡು ಅಕ್ಷರ ಸ್ವಲ್ಪ ನಡುಗಿದೆ. ನಿನಗೂ ವಯಸ್ಸಾಗುತ್ತಿದೆ. ಅವರು ಓದಿ, "ಬರಲಿ ಬಿಡೇ" ಅಂದರು. ನಾನು ಕಾಗದವನ್ನು ಫ್ರಿಜ್ಜಿನ ಮೇಲೆ, ಔಷಧಿ ಚೀಟಿಗಳ ಕೆಳಗೆ ಇಟ್ಟೆ. ಇದನ್ನು ಬರೆಯಲು ಶುರು ಮಾಡಿದೆ, ಆದರೂ ನಾಲ್ಕು ದಿನ ಉತ್ತರ ಹೊಳೆಯಲಿಲ್ಲ.

ಉತ್ತರ ಹೊಳೆದದ್ದು ನಿನ್ನೆ. ಅದನ್ನು ಹೇಳಿ ಮುಗಿಸುತ್ತೇನೆ, ಟೀ ಬಿಡುವು ಮುಗಿಯುತ್ತಾ ಬಂತು.

ತಿಂಗಳಿಂದ ಒಬ್ಬರು ಮೇಡಂ ಮನೆಗೆ ಬಂದು ಚಿಟಿಕೆಗೆ ನುಂಗುವುದು ಕಲಿಸುತ್ತಿದ್ದಾರೆ. ಬೇಯಿಸಿ ಅರೆದ ಕ್ಯಾರೆಟ್ಟು, ಚಮಚದ ತುದಿಯಲ್ಲಿ. ಮೊದಲೆಲ್ಲ ನಾಲಿಗೆಯಿಂದ ಹೊರಗೆ ತಳ್ಳುತ್ತಿದ್ದಳು. ದೊಡ್ಡ ಡಾಕ್ಟರೂ ಈಗ ದಿನಕ್ಕೆ ಒಂದು ಗಂಟೆ ಆಮ್ಲಜನಕ ತೆಗೆದು ನೋಡಬಹುದು ಅಂದಿದ್ದಾರೆ. ನಿನ್ನೆ ಹೊಟ್ಟೆಯ ನಳಿಗೆ ಬದಲಿಸುವ ದಿನವೂ ಹೌದು. "ಹಳೇದನ್ನ ತೆಗೀರಿ, ಹೊಸದನ್ನ ಒಂದು ಗಂಟೆ ಬಿಟ್ಟು ಹಾಕಿ. ಗಂಟಲಲ್ಲಿ ಏನೂ ಇಲ್ಲದೇ ನುಂಗಿ ನೋಡಲಿ" ಅಂದರು ಮೇಡಂ. ನನ್ನ ಗಂಡ ರಜೆ ಹಾಕಿ ಮನೆಯಲ್ಲಿದ್ದರು. ನಾನು ಎಣ್ಣೆ ಹಚ್ಚಿ ಮೆಲ್ಲಗೆ ಟೇಪು ಬಿಡಿಸಿದೆ. ಒಂದು ನಳಿಗೆ ತೆಗೆದೆ. ಇನ್ನೊಂದು ತೆಗೆದೆ. ಯಂತ್ರ ಆರಿಸಿದೆವು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಪಕ್ಕದ ಮನೆಯ ಗಡಿಯಾರ ಕೇಳಿಸಿತು. ಕಾಲಿನ ಪಟ್ಟಿ ತೊಂಬತ್ತನಾಲ್ಕು ತೋರಿಸಿತು. ಅಲ್ಲೇ ನಿಂತಿತು.

ಮೂರು ಚಮಚ ನುಂಗಿದಳು, ಅಕ್ಕಾ. ನಾಲ್ಕನೆಯದನ್ನು ಬಾಯಲ್ಲಿಟ್ಟುಕೊಂಡು ಯೋಚಿಸಿ, ಅಪ್ಪನ ಮುಖಕ್ಕೆ ಫೂ ಎಂದು ಉಗಿದಳು. ಹುಬ್ಬಿನಿಂದ ಗಲ್ಲದವರೆಗೆ ಕ್ಯಾರೆಟ್ಟು. ಒರೆಸಿಕೊಳ್ಳುವ ಮನಸ್ಸೂ ಬರದೆ ಅವರು ನಗುತ್ತ ಕೂತರು. "ಹಟ ಇದೆ. ಹಟ ಇದ್ದೋರು ತಿನ್ನೋದು ಕಲೀತಾರೆ" ಅಂದರು ಮೇಡಂ.

ಆಗ ನಾನು ಅವಳ ಮುಖ ನೋಡಿದೆ. ಹದಿನೈದು ತಿಂಗಳಲ್ಲಿ ಟೇಪಿಲ್ಲದೆ, ನಳಿಗೆಯಿಲ್ಲದೆ, ಮುಖವಾಡವಿಲ್ಲದೆ ನನ್ನ ಮಗಳ ಪೂರ್ತಿ ಮುಖವನ್ನು ನಾನು ಒಂದು ಸಲವೂ ನೆಮ್ಮದಿಯಾಗಿ ನೋಡಿರಲಿಲ್ಲ. ನಳಿಗೆ ಬದಲಿಸುವಾಗ ಅರೆಗಳಿಗೆ ಕಂಡರೂ ಅಷ್ಟರಲ್ಲಿ ನೋಡುವುದು ಅವಳ ತುಟಿಯ ಬಣ್ಣವನ್ನು, ಮುಖವನ್ನಲ್ಲ. ಕೆನ್ನೆ ಅವರದು. ಗಲ್ಲ ನನ್ನದು. ಮೂಗು ಇದೆಯಲ್ಲ, ತುದಿಯಲ್ಲಿ ಸ್ವಲ್ಪ ಮೇಲಕ್ಕೆದ್ದು, ಎರಡೂ ಕಡೆ ಅಗಲವಾಗಿ, ಯಾರನ್ನೋ ಗದರಿಸಲು ಹೊರಟ ಹಾಗೆ, ಆ ಮೂಗು ನಿನ್ನದು. ಅಚ್ಚು ನಿನ್ನದೇ.

ನನಗೆ ಎಂಥ ಸಿಟ್ಟು ಬಂತು ಗೊತ್ತಾ! ಮಾತು ಬಿಟ್ಟ ಅಕ್ಕನ ಮೂಗನ್ನು ಹದಿನೈದು ತಿಂಗಳು ದಿನಕ್ಕೆ ಹತ್ತು ಸಲ ನಾನೇ ಒರೆಸಿದ್ದೇನೆ. ಸಿಟ್ಟಿನಲ್ಲೇ ಅದಕ್ಕೊಂದು ಮುತ್ತು ಕೊಟ್ಟೆ. ಅಲ್ಲಿ ಮುತ್ತು ಕೊಡಲು ಜಾಗ ಸಿಕ್ಕಿದ್ದೂ ಅದೇ ಮೊದಲು.

ಬಾ. ಒರಟಾಗಿ ಹೇಳುತ್ತೇನೆ, ಕೇಳಿಸಿಕೋ: ಸಲಹೆ ತರಬೇಡ, ಅಳು ತರಬೇಡ. ಮಧ್ಯಾಹ್ನ ಎರಡರ ಮೇಲೆ ಬಾ. ಆ ಹೊತ್ತಿಗೆ ನಾನು ಮನೆಯಲ್ಲಿರುತ್ತೇನೆ. ಮೂರು ಗಂಟೆಯ ಹಾಲಿಗೆ ಸಿರಿಂಜ್ ಎತ್ತಿ ಹಿಡಿಯಲು ಒಂದು ಕೈ ಬೇಕು. ನೀನು ನನಗಿಂತ ಎತ್ತರ.

ದೇವರು ನಿನ್ನ ಕಾಲಿಗೆ ನಮ್ಮ ಮನೆಯ ಮೆಟ್ಟಿಲು ಹತ್ತುವಷ್ಟು ಬಲ ಕೊಡಲಿ, ಮೂರನೇ ಮಹಡಿ.

ಕಾಯುತ್ತಿರುವ, ಆದರೆ ಒಂದಿಷ್ಟೂ ಬಗ್ಗದ

ನಿನ್ನ ತಂಗಿ